ಭೂಗೋಳದ ಉಪಾಧ್ಯಾಯರು ಎಲ್ಲಿಂದ ಬರುತ್ತಾರೆ?

ಗಣಿತವನ್ನು ಕಲಿಸುವ ಉಪಾಧ್ಯಾಯರು ಗಣಿತವನ್ನು ಓದಿ ಬಂದಿರುತ್ತಾರೆ. ಕನ್ನಡವನ್ನು ಕಲಿಸುವವರು ಕನ್ನಡವನ್ನು ಓದಿ ಬಂದಿರುತ್ತಾರೆ. ಇದರಲ್ಲಿ ಯಾರಿಗೂ ಸಂದೇಹವಿಲ್ಲ. ಆದರೆ ನಮ್ಮ ಪ್ರೌಢಶಾಲೆಗಳಲ್ಲಿ ಭೂಗೋಳವನ್ನು ಕಲಿಸುವ ಉಪಾಧ್ಯಾಯರು ಏನನ್ನು ಓದಿ ಬಂದಿರುತ್ತಾರೆ ಎಂಬ ಪ್ರಶ್ನೆಯನ್ನು ಕೇಳುವವರೇ ವಿರಳ. ಭೌತಶಾಸ್ತ್ರದ ಅಧ್ಯಾಪಕನೊಬ್ಬನು ಈ ಪ್ರಶ್ನೆಯನ್ನೆತ್ತುವುದು ಅಧಿಕಪ್ರಸಂಗವೆಂದು ಕೆಲವರಿಗೆ ತೋರಬಹುದು. ಆದರೂ ಈ ವಿಷಯದಲ್ಲಿ ನನ್ನ ಶಾಸ್ತ್ರಕ್ಕೂ ಒಂದು ಪಾಲುಂಟೆಂದು ನಾನು ನಂಬಿರುವುದರಿಂದ ನಾಲ್ಕು ಮಾತು ಬರೆಯುತ್ತಿದ್ದೇನೆ.

ಕರ್ನಾಟಕದ ಪ್ರೌಢಶಾಲೆಯಲ್ಲಿ ಭಾಷೆಗಳನ್ನು ಬಿಟ್ಟರೆ ಉಳಿದ ಪಾಠಗಳಿಗೆ ಮುಖ್ಯವಾಗಿ ಮೂರು ಬಗೆಯ ಉಪಾಧ್ಯಾಯರಿರುತ್ತಾರೆ. ಭೌತಶಾಸ್ತ್ರ, ರಸಾಯನಶಾಸ್ತ್ರ, ಗಣಿತಗಳನ್ನು ಓದಿದ ಪಿ.ಸಿ.ಎಂ. ಉಪಾಧ್ಯಾಯರು, ರಸಾಯನಶಾಸ್ತ್ರ, ಸಸ್ಯಶಾಸ್ತ್ರ, ಪ್ರಾಣಿಶಾಸ್ತ್ರಗಳನ್ನು ಓದಿದ ಸಿ.ಬಿ.ಝಡ್. ಉಪಾಧ್ಯಾಯರು; ಕಡೆಗೆ ‘ಸಮಾಜದ ಮೇಷ್ಟರು’ ಎಂದು ಮಕ್ಕಳು ಕರೆಯುವ ಕಲಾ ವಿಭಾಗದ ಉಪಾಧ್ಯಾಯರು. ಸಮಾಜ ವಿಜ್ಞಾನವೆಂಬ ಒಂದೇ ಪುಸ್ತಕದಲ್ಲಿ ಇತಿಹಾಸ, ರಾಜ್ಯಶಾಸ್ತ್ರ, ಸಮಾಜಶಾಸ್ತ್ರ, ಭೂಗೋಳ, ಅರ್ಥಶಾಸ್ತ್ರ, ವ್ಯವಹಾರ ಅಧ್ಯಯನ ಎಂಬ ಆರು ಶಾಸ್ತ್ರಗಳು ಒಟ್ಟು ಕುಟುಂಬದಂತೆ ವಾಸವಾಗಿವೆ. ಆರನ್ನೂ ಒಬ್ಬರೇ ಕಲಿಸಬೇಕು. ಆ ಒಬ್ಬರು ಸಾಮಾನ್ಯವಾಗಿ ಪದವಿಪೂರ್ವ ತರಗತಿಯಲ್ಲಿ ಕಲಾ ವಿಭಾಗವನ್ನು ಹಿಡಿದು, ಬಿ.ಎ. ಪದವಿಗೆ ಇತಿಹಾಸ, ಅರ್ಥಶಾಸ್ತ್ರ, ರಾಜ್ಯಶಾಸ್ತ್ರ ಇಲ್ಲವೆ ಕನ್ನಡವನ್ನು ಓದಿ, ಅನಂತರ ಬಿ.ಎಡ್. ಮುಗಿಸಿ ಬಂದವರು. ಭೂಗೋಳವನ್ನೇ ಪದವಿಗೆ ಓದಿದವರೂ ಇಲ್ಲದಿಲ್ಲ. ಆದರೆ ಅಂಥವರು ದೊರೆತ ಶಾಲೆಯು ಅದೃಷ್ಟಶಾಲಿಯೆಂದೇ ಹೇಳಬೇಕು. ಮಿಕ್ಕವರಿಗೆ ವಿಜ್ಞಾನದ ಸಂಬಂಧವು ಹತ್ತನೆಯ ತರಗತಿಯ ಪರೀಕ್ಷೆಯೊಂದಿಗೇ ಕಡಿದುಹೋಗಿರುತ್ತದೆ.

ಇದರಿಂದ ಏನು ಬಾಧಕ ಎಂದು ಕೇಳಬಹುದು. ಭೂಗೋಳದ ಪಾಠಗಳ ಪಟ್ಟಿಯನ್ನೊಮ್ಮೆ ನೋಡಿ. ಭೂಮಿಯ ಭ್ರಮಣೆ, ಋತುಗಳು, ಅಕ್ಷಾಂಶ ರೇಖಾಂಶಗಳು, ವಾಯುಮಂಡಲದ ಒತ್ತಡ, ಮಾರುತಗಳು, ಮಳೆ, ಸಾಗರದ ಪ್ರವಾಹಗಳು, ಉಬ್ಬರವಿಳಿತ, ಭೂಕಂಪ, ಜ್ವಾಲಾಮುಖಿ. ಹೆಸರನ್ನು ಮುಚ್ಚಿಟ್ಟು ಈ ಪಟ್ಟಿಯನ್ನು ನನ್ನ ಕೈಗೆ ಕೊಟ್ಟರೆ ಇದು ಭೌತಶಾಸ್ತ್ರದ ಒಂದು ಶಾಖೆಯೆಂದೇ ನಾನು ಹೇಳುವೆನು. ಜನಸಂಖ್ಯೆ, ಬೆಳೆ, ಕೈಗಾರಿಕೆ, ಸಾರಿಗೆ ಮುಂತಾದ ಉಳಿದರ್ಧವು ಸಮಾಜಶಾಸ್ತ್ರಗಳ ನೆಂಟ. ಮೊದಲರ್ಧವಾದರೋ ನಮ್ಮ ಮನೆಯ ಕೂಸು. ಆ ಕೂಸನ್ನು ನಾವು ಪರರ ಮನೆಯಲ್ಲಿ ಬಿಟ್ಟು, ಅದು ಹೇಗೆ ಬೆಳೆಯುತ್ತಿದೆಯೆಂದು ತಿರುಗಿಯೂ ನೋಡಿಲ್ಲ.

ಇನ್ನೊಂದು ಕಡೆಯ ಚಿತ್ರವನ್ನೂ ನೋಡಬೇಕು. ಬಿ.ಎಸ್ಸಿ. ತರಗತಿಯಲ್ಲಿ ನಾನು ಕೊರಿಯೋಲಿಸ್ ಬಲದ ಸೂತ್ರವನ್ನು ಕರಿಹಲಗೆಯ ಮೇಲೆ ಸಾಧಿಸಿ ತೋರಿಸುತ್ತೇನೆ. ವಿದ್ಯಾರ್ಥಿಗಳು ಅದನ್ನು ಚೆನ್ನಾಗಿ ಬರೆದುಕೊಳ್ಳುತ್ತಾರೆ, ಪರೀಕ್ಷೆಯಲ್ಲಿ ಅಂಕಗಳನ್ನೂ ಪಡೆಯುತ್ತಾರೆ. ಆದರೆ ಜೂನ್ ತಿಂಗಳಲ್ಲಿ ಮಂಗಳೂರಿನ ಕಡಲ ತೀರಕ್ಕೆ ಗಾಳಿಯು ನೈಋತ್ಯದಿಂದಲೇ ಏಕೆ ಬರುತ್ತದೆಂದು ಕೇಳಿದರೆ ತರಗತಿಯು ಮೌನವಾಗುತ್ತದೆ. ಸಮಭಾಜಕ ವೃತ್ತದ ದಕ್ಷಿಣದಲ್ಲಿ ಆಗ್ನೇಯದಿಂದ ಬೀಸುವ ಗಾಳಿಯು ಉತ್ತರಾರ್ಧಗೋಳಕ್ಕೆ ದಾಟಿದೊಡನೆ ಭೂಭ್ರಮಣೆಯ ಕಾರಣದಿಂದ ಬಲಕ್ಕೆ ತಿರುಗಿ ನೈಋತ್ಯದ ಗಾಳಿಯಾಗುತ್ತದೆ ಎಂಬುದು, ಸೂತ್ರವನ್ನು ಬಲ್ಲ ಈ ಹುಡುಗರಿಗೆ ಹೊಳೆಯುವುದಿಲ್ಲ. ಅವರು ಭೂಗೋಳವನ್ನು ಹತ್ತನೆಯ ತರಗತಿಯಲ್ಲಿಯೇ ಬಿಟ್ಟು ಬಂದಿದ್ದಾರೆ. ಸೂತ್ರವು ಒಂದು ಕಟ್ಟಡದಲ್ಲಿ, ಮಳೆಯು ಇನ್ನೊಂದು ಕಟ್ಟಡದಲ್ಲಿ, ನಡುವೆ ಬಾಗಿಲಿಲ್ಲ.

ಒಂದು ನಿದರ್ಶನವನ್ನು ಸ್ವಲ್ಪ ವಿಸ್ತಾರವಾಗಿಯೇ ತೆಗೆದುಕೊಳ್ಳೋಣ. ಆಗುಂಬೆಯಲ್ಲಿ ವರ್ಷಕ್ಕೆ 7,000 ಮಿಲಿಮೀಟರಿಗೂ ಮಿಗಿಲಾಗಿ ಮಳೆಯಾಗುತ್ತದೆ. ಅಲ್ಲಿಂದ ಸುಮಾರು 200 ಕಿಲೋಮೀಟರು ದೂರದ ಚಳ್ಳಕೆರೆಯಲ್ಲಿ 500 ಮಿಲಿಮೀಟರಿನ ಆಸುಪಾಸು. ಏಕೆ? “ಪಶ್ಚಿಮ ಘಟ್ಟಗಳು ಮೋಡಗಳನ್ನು ತಡೆಯುತ್ತವೆ” ಎಂಬುದು ತರಗತಿಗಳಲ್ಲಿ ರೂಢಿಯಾಗಿರುವ ಉತ್ತರ. ಮಕ್ಕಳ ಮನಸ್ಸಿನಲ್ಲಿ ಇದು ಮೂಡಿಸುವ ಚಿತ್ರವಾದರೂ ಎಂಥದು? ಮೋಡವು ದನದ ಹಿಂಡಿನಂತೆ ಬರುತ್ತದೆ, ಗುಡ್ಡವು ಬೇಲಿಯಂತೆ ನಿಲ್ಲಿಸುತ್ತದೆ, ನಿಂತ ಮೋಡವು ಸುರಿಯುತ್ತದೆ. ಬುದ್ಧಿವಂತ ಹುಡುಗಿಯೊಬ್ಬಳು ಎದ್ದು, “ಸಾರ್, ಮೋಡ ಗುಡ್ಡಕ್ಕಿಂತ ಮೇಲೇ ಹೋಗುತ್ತದಲ್ಲ, ಹೇಗೆ ತಡೆಯುತ್ತದೆ?” ಎಂದು ಕೇಳಿದಳೆನ್ನಿ. ಆಗ ಏನು ಹೇಳಬೇಕು?

ನಿಜವಾಗಿ ಗುಡ್ಡವು ತಡೆಯುವುದಕ್ಕಿಂತ ಹೆಚ್ಚಾಗಿ ಏರಿಸುತ್ತದೆ. ಕಡಲಿನಿಂದ ಬಂದ ತೇವದ ಗಾಳಿಯು ಘಟ್ಟದ ಇಳಿಜಾರನ್ನೇರುವಾಗ ಮೇಲಣ ಕಡಿಮೆ ಒತ್ತಡದಲ್ಲಿ ಹಿಗ್ಗುತ್ತದೆ. ಹಿಗ್ಗುವ ಕೆಲಸಕ್ಕೆ ಬೇಕಾದ ಶಕ್ತಿಯನ್ನು ಅದು ತನ್ನೊಳಗಿನ ಉಷ್ಣದಿಂದಲೇ ಕೊಡಬೇಕಾಗಿರುವುದರಿಂದ ತಂಪಾಗುತ್ತದೆ. ಮೋಡ ಕಟ್ಟುವವರೆಗೆ ಪ್ರತಿ 100 ಮೀಟರ್ ಏರಿಕೆಗೆ ಸುಮಾರು 1 ಡಿಗ್ರಿ ಸೆಲ್ಸಿಯಸ್. ತಂಪಾದ ಗಾಳಿಯಲ್ಲಿ ಅಷ್ಟು ಆವಿ ಇರಲಾರದು, ಹೆಚ್ಚಾದುದು ಹನಿಯಾಗುತ್ತದೆ. ಘಟ್ಟವನ್ನು ದಾಟಿ ಪೂರ್ವಕ್ಕಿಳಿಯುವಾಗ ಇದೇ ಕ್ರಿಯೆಯು ತಿರುಗುಮುರುಗಾಗಿ, ಗಾಳಿಯು ಒತ್ತಲ್ಪಟ್ಟು ಬೆಚ್ಚಗಾಗುತ್ತದೆ, ಒಣಗುತ್ತದೆ. ಸೈಕಲ್ ಚಕ್ರದ ಗಾಳಿಯನ್ನು ಬಿಡುವಾಗ ಕವಾಟದ ಬಳಿ ಬೆರಳಿಟ್ಟು ನೋಡಿದವರಿಗೆ ತಂಪು ಗೊತ್ತು. ಪಂಪಿನಿಂದ ಒತ್ತಿ ತುಂಬುವಾಗ ಪಂಪಿನ ಬುಡ ಬಿಸಿಯಾಗುವುದೂ ಗೊತ್ತು. ಆಗುಂಬೆಯನ್ನೂ ಚಳ್ಳಕೆರೆಯನ್ನೂ ವಿವರಿಸಲು ಒಂದು ಸೈಕಲ್ ಪಂಪು ಸಾಕು. ಆದರೆ ಆ ಪಂಪು ತರಗತಿಗೆ ಬರಬೇಕಾದರೆ, ಅನಿಲವು ಹಿಗ್ಗಿದರೆ ತಂಪಾಗುವುದೆಂಬುದನ್ನು ಉಪಾಧ್ಯಾಯರು ಎಲ್ಲಿಯಾದರೂ ಕಲಿತಿರಬೇಕಷ್ಟೆ.

ಮುಂಗಾರಿನ ಪಾಠದ ಗತಿಯೂ ಇದೇ. ನೆಲವು ಬೇಗ ಕಾಯುತ್ತದೆ, ಕಡಲು ನಿಧಾನವಾಗಿ ಕಾಯುತ್ತದೆ, ಆದುದರಿಂದ ಗಾಳಿಯು ಕಡಲಿನಿಂದ ನೆಲಕ್ಕೆ ಬೀಸುತ್ತದೆ ಎನ್ನುತ್ತೇವೆ. ಸರಿ, ಆದರೆ ನಮ್ಮ ನೆಲವು ಅತಿ ಹೆಚ್ಚು ಕಾಯುವುದು ಏಪ್ರಿಲ್–ಮೇ ತಿಂಗಳುಗಳಲ್ಲಿ, ಮಳೆಯು ಬಲವಾಗುವುದು ಜುಲೈಯಲ್ಲಿ, ಎಂದರೆ ಮಳೆ ಬಿದ್ದು ನೆಲ ತಂಪಾದ ಮೇಲೆ! ಬಿಸಿ ನೆಲವೊಂದೇ ಕಾರಣವಾಗಿದ್ದರೆ ಮೊದಲ ಮಳೆಯೊಡನೆಯೇ ಮುಂಗಾರು ಮುಗಿಯಬೇಕಾಗಿತ್ತು. ಆವಿಯು ಹನಿಯಾಗುವಾಗ ಹೊರಬೀಳುವ ಗುಪ್ತೋಷ್ಣವು ಮೇಲಣ ವಾಯುಮಂಡಲವನ್ನು ಕಾಯಿಸಿ ಗಾಳಿಯ ಸೆಳೆತವನ್ನು ಉಳಿಸಿಕೊಳ್ಳುತ್ತದೆ. ಹಿಮಾಲಯದ ಗೋಡೆಯು ಉತ್ತರದ ಒಣಗಾಳಿಯನ್ನು ಹೊರಗಿಡುತ್ತದೆ. ಇಷ್ಟನ್ನು ಹೇಳದೆ ಬಿಟ್ಟರೆ ಮುಂಗಾರು ಒಂದು ಬಾಯಿಪಾಠ.

ಭೂಗೋಳದ ಬೋಧಕರು ಎಲ್ಲ ಕಾಲದಲ್ಲಿಯೂ ಎಲ್ಲ ದೇಶದಲ್ಲಿಯೂ ಹೀಗೆಯೇ ಬಂದವರಲ್ಲ. ಇಂಗ್ಲೆಂಡಿನಲ್ಲಿ ಶಾಲೆಯ ಭೂಗೋಳಕ್ಕೆ ಜೀವ ಬಂದುದು 19ನೆಯ ಶತಮಾನದ ಕೊನೆಯಲ್ಲಿ. 1893ರಲ್ಲಿ ಅಲ್ಲಿನ ಕೆಲವು ಶಾಲಾ ಉಪಾಧ್ಯಾಯರು ಆಕ್ಸ್‌ಫರ್ಡಿನಲ್ಲಿ ಕಲೆತು ಜಿಯಾಗ್ರಫಿಕಲ್ ಅಸೋಸಿಯೇಷನ್ ಎಂಬ ಸಂಘವನ್ನು ಕಟ್ಟಿದರು. ಅವರ ಮೊದಲ ಉದ್ದೇಶವು ಬಹು ಸಾಮಾನ್ಯವಾದುದು: ಮಾಯಾದೀಪದ ಗಾಜಿನ ಚಿತ್ರಗಳನ್ನು ಶಾಲೆಯಿಂದ ಶಾಲೆಗೆ ಹಂಚಿಕೊಳ್ಳುವುದು. ಆ ಸಭೆಯಲ್ಲಿದ್ದ ಹ್ಯಾಲ್‌ಫರ್ಡ್ ಮ್ಯಾಕಿಂಡರ್ ಪ್ರಕೃತಿ ವಿಜ್ಞಾನವನ್ನು ಓದಿ, ಅನಂತರ ಇತಿಹಾಸವನ್ನು ಓದಿ, ಅದೂ ಸಾಲದೆಂಬಂತೆ ನ್ಯಾಯವಾದಿಯೂ ಆದವರು. 1899ರಲ್ಲಿ ಆಕ್ಸ್‌ಫರ್ಡಿನಲ್ಲಿ ಅವರು ತೆರೆದ ಭೂಗೋಳ ವಿದ್ಯಾಲಯದಲ್ಲಿ ಸಹಾಯಕರಾಗಿ ಬಂದ ಹರ್ಬರ್ಟ್‌ಸನ್, ಮೊದಲು ಸಸ್ಯಶಾಸ್ತ್ರವನ್ನು ಕಲಿಸಿದವರು, ಹವಾಮಾನ ವೀಕ್ಷಣೆಯಲ್ಲಿ ದುಡಿದವರು, ಮಳೆಯ ಹಂಚಿಕೆಯ ಮೇಲೆ ಪ್ರಬಂಧ ಬರೆದು ಡಾಕ್ಟರೇಟ್ ಪಡೆದವರು. ಶಾಲೆಯ ಉಪಾಧ್ಯಾಯರಿಗಾಗಿ ಬೇಸಗೆಯ ರಜೆಯಲ್ಲಿ ತರಗತಿಗಳು ಅಲ್ಲಿ ನಡೆಯುತ್ತಿದ್ದವು. ಆ ಸಂಘಕ್ಕೆ 1917ರಿಂದ ಸುಮಾರು ಮೂವತ್ತು ವರ್ಷ ಕಾರ್ಯದರ್ಶಿಯಾಗಿದ್ದ ಫ್ಲೂರ್ ಪ್ರಾಣಿಶಾಸ್ತ್ರಜ್ಞರಾಗಿದ್ದವರು. ಹೀಗೆ ನಾನಾ ಶಾಸ್ತ್ರಗಳ ಮಂದಿ ಬಂದು ಸೇರಿದುದರಿಂದಲೇ ಅಲ್ಲಿ ಭೂಗೋಳವು ಊರುಗಳ ಹೆಸರಿನ ಪಟ್ಟಿಯಾಗಿ ಉಳಿಯದೆ ಕಾರಣಗಳನ್ನು ಹುಡುಕುವ ಶಾಸ್ತ್ರವಾಯಿತು. ನಮ್ಮ ನೆರೆಯಲ್ಲಿಯೂ ಇಂಥ ಪ್ರಯತ್ನ ನಡೆಯದಿರಲಿಲ್ಲ. 1926ರಲ್ಲಿ ಆರಂಭವಾದ ಮದರಾಸು ಜಿಯಾಗ್ರಫಿಕಲ್ ಅಸೋಸಿಯೇಷನ್ನೇ ಇಂದಿನ ಇಂಡಿಯನ್ ಜಿಯಾಗ್ರಫಿಕಲ್ ಸೊಸೈಟಿ.

ಪದವಿಯೊಂದೇ ಎಲ್ಲವೂ ಅಲ್ಲವೆಂಬುದನ್ನು ಇಲ್ಲಿಯೇ ಹೇಳಿಬಿಡುವುದು ಮೇಲು. ವಾಣಿಜ್ಯ ಮಾರುತಗಳು ಓರೆಯಾಗಿ ಬೀಸುವುದಕ್ಕೆ ಭೂಭ್ರಮಣೆಯೇ ಕಾರಣವೆಂದು 1735ರಲ್ಲಿ ಲಂಡನ್ನಿನ ರಾಯಲ್ ಸೊಸೈಟಿಗೆ ಬರೆದು ತಿಳಿಸಿದ ಜಾರ್ಜ್ ಹ್ಯಾಡ್ಲಿ ವೃತ್ತಿಯಿಂದ ವಕೀಲ. ಆತನ ವಾದದಲ್ಲಿ ಕೊರತೆಗಳಿದ್ದವು. ಆದರೂ ಆತನ ಹೆಸರು ಇಂದಿಗೂ ವಾಯುಮಂಡಲದ ಒಂದು ದೊಡ್ಡ ಪರಿಚಲನೆಗೆ ಅಂಟಿಕೊಂಡಿದೆ.

ಶಾಲಾ ಉಪಾಧ್ಯಾಯರಾಗಿದ್ದು ಭೂಗೋಳದ ಚರಿತ್ರೆಯಲ್ಲಿ ಸ್ಥಾನ ಪಡೆದವರು ನಮ್ಮ ದೇಶದಲ್ಲಿಯೇ ಒಬ್ಬರಿದ್ದಾರೆ. ಅವರೇ ಪಂಡಿತ ನೈನ್‌ಸಿಂಗ್ ರಾವತ್. ಕುಮಾವೂನಿನ ಮೇಲಣ ಕಣಿವೆಯ ಮಿಲಮ್ ಎಂಬ ಹಳ್ಳಿಯ ಶಾಲೆಯಲ್ಲಿ ಪಾಠ ಹೇಳುತ್ತಿದ್ದ ಇವರನ್ನು 1863ರಲ್ಲಿ ಭಾರತದ ಸರ್ವೇಕ್ಷಣಾ ಇಲಾಖೆಯು ಕೆಲಸಕ್ಕೆ ತೆಗೆದುಕೊಂಡು ಡೆಹರಾಡೂನಿನಲ್ಲಿ ತರಬೇತಿ ಕೊಟ್ಟಿತು. ಪರಕೀಯರಿಗೆ ಟಿಬೆಟ್ಟಿನ ಬಾಗಿಲು ಮುಚ್ಚಿದ್ದ ಕಾಲ ಅದು. ನೈನ್‌ಸಿಂಗ್ ವೇಷ ಮರೆಸಿಕೊಂಡು 1866ರ ಜನವರಿಯಲ್ಲಿ ಲ್ಹಾಸಾ ನಗರವನ್ನು ಸೇರಿದರು. ದಾರಿಯುದ್ದಕ್ಕೂ ಅಳತೆಯ ಹೆಜ್ಜೆಗಳನ್ನಿಟ್ಟು ಎಣಿಸಿದರು. ಮೈಲಿಗೆ ಸುಮಾರು 2,000 ಹೆಜ್ಜೆಗಳು. ಎಣಿಕೆಗೆ ಸುಲಭವಾಗಲೆಂದು ಅವರ ಜಪಮಾಲೆಯಲ್ಲಿ 108ರ ಬದಲು 100 ಮಣಿಗಳಿದ್ದವು. ಬರೆದುಕೊಂಡ ಚೀಟಿಗಳಿಗೆ ಪ್ರಾರ್ಥನಾಚಕ್ರದ ಒಳಭಾಗವೇ ಪೆಟ್ಟಿಗೆ. ರಾತ್ರಿ ನಕ್ಷತ್ರಗಳ ಎತ್ತರವನ್ನಳೆದು ಅಕ್ಷಾಂಶವನ್ನು ಕಂಡುಕೊಂಡರು. ಸ್ಥಳದ ಎತ್ತರವನ್ನು ತಿಳಿಯಲು ನೀರನ್ನು ಕುದಿಸಿ ಉಷ್ಣಮಾಪಕವನ್ನಿಟ್ಟು ನೋಡಿದರು.

ಈ ಕೊನೆಯ ಉಪಾಯವು ಭೌತಶಾಸ್ತ್ರದ ವಿದ್ಯಾರ್ಥಿಗಳಿಗೆ ವಿಶೇಷವಾಗಿ ರುಚಿಸಬೇಕು. ಎತ್ತರಕ್ಕೆ ಹೋದಂತೆ ವಾಯುವಿನ ಒತ್ತಡ ತಗ್ಗುತ್ತದೆ. ಒತ್ತಡ ತಗ್ಗಿದಂತೆ ನೀರು ಕಡಿಮೆ ಉಷ್ಣತೆಯಲ್ಲಿಯೇ ಕುದಿಯುತ್ತದೆ. ಸುಮಾರು 300 ಮೀಟರ್ ಏರಿದರೆ ಕುದಿಬಿಂದು 1 ಡಿಗ್ರಿ ಸೆಲ್ಸಿಯಸ್ ಇಳಿಯುತ್ತದೆ. ಸುಮಾರು 3,650 ಮೀಟರ್ ಎತ್ತರದ ಲ್ಹಾಸಾದಲ್ಲಿ ನೀರು 88 ಡಿಗ್ರಿಯ ಸಮೀಪದಲ್ಲಿ ಕುದಿಯುತ್ತದೆ. ಚಹಾ ಕಾಯಿಸುವ ನೆಪದಲ್ಲಿ ಒಂದು ದೇಶದ ಎತ್ತರವನ್ನೇ ಅಳೆದು ತಂದ ಈ ಉಪಾಧ್ಯಾಯರಿಗೆ 1877ರಲ್ಲಿ ಲಂಡನ್ನಿನ ರಾಯಲ್ ಜಿಯಾಗ್ರಫಿಕಲ್ ಸೊಸೈಟಿಯು ಚಿನ್ನದ ಪದಕವನ್ನಿತ್ತಿತು. (ಚಹಾದ ಮಾತು ನನ್ನ ಊಹೆ; ಕುದಿಸಿದ್ದು ಮಾತ್ರ ನಿಜ.) ನೈನ್‌ಸಿಂಗರು ಯಾವ ವಿಶ್ವವಿದ್ಯಾನಿಲಯದಿಂದಲೂ ಬಂದವರಲ್ಲ. ಅವರಲ್ಲಿ ಅಳತೆ ಮಾಡುವ ಮನಸ್ಸಿತ್ತು, ಅದಕ್ಕೆ ಬೇಕಾದ ವಿದ್ಯೆಯನ್ನು ಮತ್ತು ಸಲಕರಣೆಗಳನ್ನು ಒಂದು ಇಲಾಖೆಯು ಒದಗಿಸಿತು. ನಮ್ಮ ಇಂದಿನ ಉಪಾಧ್ಯಾಯರಿಗೆ ಈ ಎರಡನೆಯದನ್ನು ಯಾರು ಒದಗಿಸಿದ್ದಾರೆ?

ಇದು ಕೇವಲ ಅಂಕಗಳ ಪ್ರಶ್ನೆಯಲ್ಲ. 2004ರ ಡಿಸೆಂಬರ್ 26ರ ಬೆಳಗ್ಗೆ ಥಾಯ್‌ಲೆಂಡಿನ ಫುಕೆಟ್ ದ್ವೀಪದ ಮೈ ಖಾವ್ ತೀರದಲ್ಲಿ ಟಿಲಿ ಸ್ಮಿತ್ ಎಂಬ 10 ವರ್ಷದ ಇಂಗ್ಲಿಷ್ ಹುಡುಗಿಯು ತಂದೆತಾಯಿಗಳೊಡನೆ ನಡೆದಾಡುತ್ತಿದ್ದಳು. ಕಡಲು ನೊರೆಯೆದ್ದು ವಿಚಿತ್ರವಾಗಿ ವರ್ತಿಸುತ್ತಿತ್ತು. ಎರಡು ವಾರಗಳ ಹಿಂದೆಯಷ್ಟೆ ಭೂಗೋಳದ ತರಗತಿಯಲ್ಲಿ ಸುನಾಮಿಯ ಪಾಠ ಕೇಳಿದ್ದ ಆ ಹುಡುಗಿಯು ಲಕ್ಷಣವನ್ನು ಗುರುತಿಸಿ, ಹಟ ಹಿಡಿದು ಕೂಗಿದಳು. ತೀರವನ್ನು ತೆರವು ಮಾಡಿಸಲಾಯಿತು. ಸುಮಾರು ನೂರು ಮಂದಿ ಬದುಕಿಕೊಂಡರು. ಆ ಹುಡುಗಿಯನ್ನು ಲೋಕವೆಲ್ಲ ಕೊಂಡಾಡಿತು, ಕೊಂಡಾಡತಕ್ಕದ್ದೇ. ಆದರೆ ಅಲೆಯ ಲಕ್ಷಣಗಳನ್ನು ಮಕ್ಕಳ ಕಣ್ಣಿಗೆ ಕಟ್ಟುವಂತೆ ತೋರಿಸಿದ ಉಪಾಧ್ಯಾಯರನ್ನು ನೆನೆದವರು ಎಷ್ಟು ಮಂದಿ?

ನಮ್ಮಲ್ಲಿಗೇ ಬರೋಣ. 2018ರ ಆಗಸ್ಟಿನಲ್ಲಿ ಕೊಡಗಿನ ಗುಡ್ಡಗಳು ಕುಸಿದವು. 2024ರ ಜುಲೈ 16ರಂದು ಅಂಕೋಲಾ ತಾಲ್ಲೂಕಿನ ಶಿರೂರಿನಲ್ಲಿ ಗುಡ್ಡವು ಹೆದ್ದಾರಿಯ ಮೇಲೆ ಜರಿದು ಗಂಗಾವಳಿ ನದಿಯವರೆಗೆ ಇಳಿಯಿತು. ಅದೇ ತಿಂಗಳ 30ರಂದು ವಯನಾಡಿನಲ್ಲಿ ನೂರಾರು ಜನ ಮಣ್ಣುಪಾಲಾದರು. ಮಣ್ಣಿನ ಕಣಗಳ ನಡುವೆ ನೀರು ತುಂಬಿ ಅದರ ಒತ್ತಡವೇರಿದಾಗ ಕಣಗಳು ಒಂದನ್ನೊಂದು ಅದುಮಿ ಹಿಡಿಯುವ ಬಲವು ಕುಗ್ಗುತ್ತದೆ, ಘರ್ಷಣೆಯು ಇಳಿಯುತ್ತದೆ. ಬುಡವನ್ನು ಕಡಿದ ಇಳಿಜಾರಾದರೆ ಕುಸಿಯಲು ಇನ್ನೂ ಬೇಗ. ಮರಗಳು ವಾಲುವುದು, ನೆಲದಲ್ಲಿ ಹೊಸ ಬಿರುಕು ಕಾಣುವುದು, ಊಟೆಯ ನೀರು ಇದ್ದಕ್ಕಿದ್ದಂತೆ ಕೆಸರಾಗುವುದು, ಇವು ಮುನ್ಸೂಚನೆಗಳು. ಮಲೆನಾಡಿನ ಮತ್ತು ಕರಾವಳಿಯ ಮಕ್ಕಳಿಗೆ ಇದನ್ನು ಹೇಳಬೇಕಾದವರು ಯಾರು? ಘರ್ಷಣೆಯ ಪಾಠವು ವಿಜ್ಞಾನದ ಉಪಾಧ್ಯಾಯರ ಪುಸ್ತಕದಲ್ಲಿದೆ, ಭೂಕುಸಿತದ ಪಾಠವು ಸಮಾಜದ ಉಪಾಧ್ಯಾಯರ ಪುಸ್ತಕದಲ್ಲಿದೆ.

ಇಷ್ಟೆಲ್ಲ ಹೇಳಿದುದು ಆ ಉಪಾಧ್ಯಾಯರನ್ನು ಹಳಿಯುವುದಕ್ಕಲ್ಲ. ಅವರ ವೃತ್ತಿಜೀವನವನ್ನು ಹತ್ತಿರದಿಂದ ನೋಡಿದರೆ ಹಳಿಯಲು ನಾಲಗೆ ಏಳದು. ಆರು ಶಾಸ್ತ್ರಗಳ ಪಾಠ ಮುಗಿಯಬೇಕು. ಹತ್ತನೆಯ ತರಗತಿಯ ಫಲಿತಾಂಶ ಬರಬೇಕು. ಚುನಾವಣೆ ಬಂದರೆ ಮತಗಟ್ಟೆಗೆ ಹೋಗಬೇಕು. 2011ರ ಜನಗಣತಿಯ ಮನೆಪಟ್ಟಿ ಕಾರ್ಯದಲ್ಲಿ ಗಣತಿದಾರರಾದ ಉಪಾಧ್ಯಾಯರು ತಮ್ಮ ಪಾಲಿಗೆ ಬಂದ ಬೀದಿಗಳನ್ನು ಸುತ್ತಿ, ರಸ್ತೆ, ಗುಡಿ, ಬಾವಿ, ಮನೆಗಳನ್ನು ಗುರುತಿಸಿ ನಕ್ಷೆಯನ್ನು ಬರೆದರು. ವಿನೋದವೆಂದರೆ, ಭೂಗೋಳ ಬೋಧಿಸುವ ಅನೇಕರು ತಮ್ಮ ಸೇವಾವಧಿಯಲ್ಲಿ ಸ್ವತಃ ನಡೆದು ನೋಡಿ ರಚಿಸಿದ ನಕ್ಷೆ ಅದೊಂದೇ! ಶಾಲೆಯಲ್ಲಿ ಮಕ್ಕಳಿಂದ ಬರೆಸುವುದು ಭಾರತದ ರೂಪರೇಖೆಯನ್ನು, ಅದೂ ಪರೀಕ್ಷೆಯಲ್ಲಿ ಬರುವ ಪ್ರಶ್ನೆಗಾಗಿ. ತಮ್ಮೂರಿನ ಕೆರೆಯ ನೀರು ಎತ್ತ ಹರಿಯುತ್ತದೆಂಬ ನಕ್ಷೆಯನ್ನು ಯಾರೂ ಕೇಳುವುದಿಲ್ಲ.

ಮುಂದಿನ ಬಡ್ತಿಯ ದಾರಿಯಾದರೂ ಭೂಗೋಳಕ್ಕೆ ಅನುಕೂಲವೇ? ಹಿರಿತನ ಬಂದಾಗ ಮುಖ್ಯೋಪಾಧ್ಯಾಯರಾಗಬಹುದು. ಸ್ನಾತಕೋತ್ತರ ಪದವಿಯಿದ್ದರೆ ಪದವಿಪೂರ್ವ ಕಾಲೇಜಿಗೆ ಹೋಗಬಹುದು. ಆ ಸ್ನಾತಕೋತ್ತರ ಪದವಿಯನ್ನು ಅವರು ತಾವು ಮೊದಲು ಓದಿದ ಇತಿಹಾಸದಲ್ಲಿಯೋ ಕನ್ನಡದಲ್ಲಿಯೋ ಪಡೆಯುವುದು ಸಹಜ. ಮಳೆಮಾಪಕವೊಂದನ್ನು ಶಾಲೆಯ ಅಂಗಳದಲ್ಲಿ ನೆಟ್ಟು ಇಪ್ಪತ್ತು ವರ್ಷ ದಿನವೂ ಬರೆದಿಟ್ಟ ಉಪಾಧ್ಯಾಯರಿಗೆ ಅದರಿಂದ ಒಂದು ದಿನದ ಹಿರಿತನವೂ ದೊರೆಯದು.

ಹಾಗಾದರೆ ಭೌತಶಾಸ್ತ್ರ ಓದಿದವರನ್ನೇ ಭೂಗೋಳಕ್ಕೆ ನೇಮಿಸಿಬಿಟ್ಟರೆ ಸರಿಹೋಯಿತೆ? ನನ್ನ ಸಹೋದ್ಯೋಗಿಗಳು ಕ್ಷಮಿಸಬೇಕು, ಅದರಲ್ಲಿ ನನಗೆ ಪೂರ್ಣ ನಂಬಿಕೆಯಿಲ್ಲ. ನಮ್ಮವರು ನದಿಯನ್ನು ಕಂಡರೆ ದ್ರವದ ವೇಗವನ್ನು ಲೆಕ್ಕ ಹಾಕುತ್ತಾರೆಯೇ ಹೊರತು ಅದರ ದಂಡೆಯ ಸಂತೆಯನ್ನು ನೋಡುವುದಿಲ್ಲ. ನನ್ನ ಪರಿಚಯದ ಒಬ್ಬ ಉಪಾಧ್ಯಾಯರು ಇತಿಹಾಸದ ಪದವೀಧರರು. ಆದರೆ ವಿಷುವ ದಿನಗಳಾದ ಮಾರ್ಚ್ 21 ಮತ್ತು ಸೆಪ್ಟೆಂಬರ್ 23ರ ಸುಮಾರಿಗೆ ತಪ್ಪದೆ ಒಂದು ಮೀಟರ್ ಉದ್ದದ ಕೋಲನ್ನು ಅಂಗಳದಲ್ಲಿ ನೆಟ್ಟು ಮಧ್ಯಾಹ್ನದ ಅತಿ ಗಿಡ್ಡ ನೆರಳನ್ನು ಮಕ್ಕಳಿಂದ ಅಳೆಯಿಸುತ್ತಾರೆ. ಗಡಿಯಾರದ 12 ಗಂಟೆಗಲ್ಲ. ನಮ್ಮ ಗಡಿಯಾರವು 82.5 ಡಿಗ್ರಿ ರೇಖಾಂಶದ್ದು, ನಾವಿರುವುದು ಅದರ ಪಶ್ಚಿಮಕ್ಕೆ, ಆದುದರಿಂದ ಸೂರ್ಯನು ನೆತ್ತಿಯ ಗೆರೆಗೆ ಬರುವುದು ತಡವಾಗಿ ಎಂಬುದೂ ಆ ನೆಪದಲ್ಲಿ ಮಕ್ಕಳಿಗೆ ತಿಳಿಯುತ್ತದೆ. ಬೆಂಗಳೂರಿನಲ್ಲಿ ಆ ನೆರಳು ಸುಮಾರು 23 ಸೆಂಟಿಮೀಟರು. ಬೀದರಿನಲ್ಲಿ ಸುಮಾರು 32. ಈ ಎರಡೂ ಊರುಗಳು ಹೆಚ್ಚು ಕಡಿಮೆ ಒಂದೇ ರೇಖಾಂಶದ ಮೇಲಿವೆ. ನೆರಳುಗಳಿಂದ ಕೋನವನ್ನು ತೆಗೆದರೆ ವ್ಯತ್ಯಾಸವು 5 ಡಿಗ್ರಿಗೆ ತುಸು ಕಡಿಮೆ. ನಕ್ಷೆಯ ಮೇಲೆ ನೇರ ದೂರವು ಸುಮಾರು 545 ಕಿಲೋಮೀಟರು. 360 ಡಿಗ್ರಿಗೆ ಎಷ್ಟೆಂದು ಲೆಕ್ಕ ಹಾಕಿದರೆ ಭೂಮಿಯ ಸುತ್ತಳತೆಯು 40,000 ಕಿಲೋಮೀಟರಿನ ಸಮೀಪಕ್ಕೆ ಬರುತ್ತದೆ. ಎರಡು ಊರಿನ ಇಬ್ಬರು ಉಪಾಧ್ಯಾಯರು, ಎರಡು ಕೋಲು, ಒಂದು ದೂರವಾಣಿಯ ಮಾತು. ಇದಕ್ಕೆ ಬೇರೆ ಸಲಕರಣೆ ಬೇಡ.

ಆದುದರಿಂದ ನಾನು ಕೇಳುವುದು ಉಪಾಧ್ಯಾಯರ ಬದಲಾವಣೆಯನ್ನಲ್ಲ, ಎರಡೂ ಕಡೆ ಬಾಗಿಲು ತೆಗೆಯುವುದನ್ನು. ಕಲೆ ಮತ್ತು ವಿಜ್ಞಾನಗಳ ನಡುವೆ ಗಟ್ಟಿಯಾದ ಗೋಡೆ ಇರಬಾರದೆಂದು 2020ರ ರಾಷ್ಟ್ರೀಯ ಶಿಕ್ಷಣ ನೀತಿಯೇ ಹೇಳಿದೆ. ಆ ಮಾತು ಮೊದಲು ಅನ್ವಯಿಸಬೇಕಾದುದು ಭೂಗೋಳಕ್ಕೆ. ಭೌತಶಾಸ್ತ್ರವನ್ನೋ ಸಸ್ಯಶಾಸ್ತ್ರವನ್ನೋ ಓದಿದ ಹುಡುಗನಿಗೆ ಭೂಗೋಳವನ್ನು ಕಲಿಸಬೇಕೆಂಬ ಮನಸ್ಸು ಬಂದರೆ ಅವನು ಬಿ.ಎಡ್. ತರಗತಿಯಲ್ಲಿ ಅದನ್ನು ಬೋಧನಾ ವಿಷಯವಾಗಿ ತೆಗೆದುಕೊಂಡು, ಮುಂದೆ ಹುದ್ದೆಗೂ ಅರ್ಹನಾಗುವಂತಿರಬೇಕು. ಇದನ್ನೋದುವ ವಿದ್ಯಾರ್ಥಿಗಳಲ್ಲಿ ಇಂಜಿನಿಯರಿಂಗ್ ಒಂದೇ ದಾರಿಯೆಂದು ಭಾವಿಸದೆ, ಮಳೆಗಾಲದಲ್ಲಿ ಕಿಟಕಿಯಿಂದ ಹೊರಗೆ ನೋಡುತ್ತ ಕುಳಿತು ಬೈಸಿಕೊಳ್ಳುವವರು ಕೆಲವರಾದರೂ ಇರಬೇಕು. ನಿಮಗೆ ಈ ವೃತ್ತಿಯು ಚೆನ್ನಾಗಿ ಒಪ್ಪೀತು.

ಈಗಾಗಲೇ ಶಾಲೆಯಲ್ಲಿರುವ ಉಪಾಧ್ಯಾಯರ ವಿಷಯದಲ್ಲಿ ಹೆಚ್ಚು ಹಣವಿಲ್ಲದೆ ಮಾಡಬಹುದಾದ ಒಂದು ಕೆಲಸವುಂಟು. ಬೇಸಗೆ ರಜೆಯಲ್ಲಿ ನಮ್ಮ ಕಾಲೇಜುಗಳ ಭೌತಶಾಸ್ತ್ರ ಪ್ರಯೋಗಶಾಲೆಗಳಿಗೆ ವಾರಗಟ್ಟಲೆ ಬೀಗ ಬಿದ್ದಿರುತ್ತದೆ. ಒಳಗೆ ವಾಯುಭಾರಮಾಪಕ, ಉಷ್ಣಮಾಪಕ, ಆರ್ದ್ರತಾಮಾಪಕಗಳು ಧೂಳು ಹಿಡಿಯುತ್ತಿರುತ್ತವೆ. ಆಕ್ಸ್‌ಫರ್ಡಿನಲ್ಲಿ ನೂರು ವರ್ಷಗಳಿಗೂ ಹಿಂದೆ ನಡೆದ ಬೇಸಗೆ ತರಗತಿಗಳಂತೆ, ತಾಲ್ಲೂಕಿನ ಸಮಾಜ ವಿಜ್ಞಾನದ ಉಪಾಧ್ಯಾಯರನ್ನು ಹತ್ತು ದಿನ ಕರೆದು ಇವನ್ನೆಲ್ಲ ಅವರ ಕೈಗೆ ಕೊಡಬಹುದು. ಅವರಿಂದ ನಮ್ಮ ತಾಲ್ಲೂಕಿನ ಬೆಳೆ, ಸಂತೆ, ವಲಸೆಗಳ ಮಾತನ್ನು ನಾವೂ ಕೇಳಬಹುದು. ಬೀಗದ ಕೈ ಪ್ರಾಂಶುಪಾಲರ ಕೊಠಡಿಯಲ್ಲಿಯೇ ಇರುತ್ತದೆ. ಸೈಕಲ್ ಪಂಪನ್ನು ನಾನು ಮನೆಯಿಂದ ತರುತ್ತೇನೆ.